ಅರಗೋ, ಪಾಲಿಯೂರಿಥೇನೋ: ಹಳೆಯ ಟ್ರೇಲರಿನಲ್ಲಿ ಎರಡನ್ನೂ ಹಚ್ಚಿ ನೋಡಿದ್ದು

ಕಾರಿನ ಹಿಂದೆ ಕಟ್ಟಿ ಎಳೆದೊಯ್ದು ಒಳಗೆ ತಂಗುವ 1966ರ ಟ್ರೇಲರು ನಮ್ಮ ಮನೆಯ ಮುಂದೆ ಬಂದು ನಿಂತ ದಿನ ಅತ್ತೆ ಅದಕ್ಕೊಂದು ಪ್ರದಕ್ಷಿಣೆ ಹಾಕಿ, "ಒಳ್ಳೇ ಅವಲಕ್ಕಿ ಡಬ್ಬದ ಹಾಗಿದೆ" ಎಂದರು. ಈ ಆಕಾರದ ಹಳೆಯ ಟ್ರೇಲರುಗಳನ್ನು ಅಮೆರಿಕದಲ್ಲಿ 'ಕ್ಯಾನ್ಡ್ ಹ್ಯಾಮ್' ಎನ್ನುತ್ತಾರೆ. ಪಕ್ಕದಿಂದ ನೋಡಿದರೆ ಹಂದಿಮಾಂಸದ ಡಬ್ಬಿಯಂತೆಯೇ ಕಾಣುತ್ತವೆ. ಅದನ್ನು ಅತ್ತೆಗೆ ಬಿಡಿಸಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮಲ್ಲಿ ಅದು ಅವಲಕ್ಕಿ ಡಬ್ಬವಾಗಿಯೇ ಉಳಿಯಿತು.

ನಾವಿರುವುದು ಓಹಾಯೊದಲ್ಲಿ. ಇದೇ ರಾಜ್ಯದ ಜಾಕ್ಸನ್ ಸೆಂಟರಿನಲ್ಲಿ ಏರ್‌ಸ್ಟ್ರೀಮ್ ಕಂಪನಿಯವರು ವಿಮಾನದ ಮೈಯಂತೆ ರಿವೆಟ್ ಹೊಡೆದ ಅಲ್ಯೂಮಿನಿಯಂ ಟ್ರೇಲರುಗಳನ್ನು ತಯಾರಿಸುತ್ತಾರೆ. ಅವುಗಳ ಹಳೆಯ ಮಾದರಿಗೆ ಹೇಳುವ ಬೆಲೆ ಕೇಳಿ ತೆಪ್ಪಗೆ ಹಿಂದಿರುಗಿದ್ದೆವು. ನಮಗೆ ದಕ್ಕಿದ್ದು ಮುಕ್ಕಾಲು ಅಂಗುಲ ದಪ್ಪದ ಮರದ ಪಟ್ಟಿಗಳ ಚೌಕಟ್ಟು, ಹೊರಗೆ ತೆಳು ಅಲ್ಯೂಮಿನಿಯಂ ತಗಡು, ಒಳಗೆ ಬರ್ಚ್ ಮರದ ಪ್ಲೈವುಡ್ ಹೊದಿಸಿದ ಗಾಡಿ. ಇಂಥವಕ್ಕೆ ನೀರೇ ಶತ್ರು. ಕಿಟಕಿಯ ಅಂಚಿನಿಂದ ಹನಿಹನಿಯಾಗಿ ಇಳಿದರೂ ಸಾಕು, ಹೊರಗೆ ತಗಡು ಹೊಳೆಯುತ್ತಲೇ ಇರುತ್ತದೆ, ಒಳಗಿನ ಮರ ರಾಗಿ ಹಿಟ್ಟಾಗಿರುತ್ತದೆ. ಹಿಂಬದಿಯ ಮೂಲೆಯನ್ನು ಮಗ ಒತ್ತಿ ನೋಡಿದಾಗ ಬೆರಳು ಗೋಡೆಯೊಳಗೇ ಹೋಯಿತು. ಅವನಿಗೆ ಅದಕ್ಕಿಂತ ದೊಡ್ಡ ಸಂತೋಷ ಆ ವರ್ಷ ಇನ್ನೊಂದಿರಲಿಲ್ಲ.

ಯಾವ ಕೆಲಸಕ್ಕೆ ಯಾವ ಸಾಮಗ್ರಿ ಎಂಬುದರಲ್ಲಿ ಯಜಮಾನರಿಗೂ ನನಗೂ ಹೊಂದಿಕೆಯಾಗಲಿಲ್ಲ. ಕೊನೆಗೆ ಅರ್ಧ ಅವರದು, ಅರ್ಧ ನನ್ನದು ಎಂದು ಪಾಲು ಮಾಡಿಕೊಂಡೆವು. ಮಗಳು ನೋಟ್‌ಬುಕ್ ಹಿಡಿದು ನ್ಯಾಯಾಧೀಶಳಾದಳು.

ಮೊದಲ ಜಗಳ ಕಿಟಕಿಗಳದು. ಸಂದಿಯಲ್ಲಿ ನೀರು ಇಳಿಯದಂತೆ ಎಡಬದಿಯ ಎರಡು ಕಿಟಕಿಗಳಿಗೆ ಅವರು ಟ್ಯೂಬಿನಿಂದ ಹಿಂಡುವ ಸಿಲಿಕೋನ್ ಹಾಕಿದರು, ಬಲಬದಿಯ ಎರಡಕ್ಕೆ ನಾನು ಬ್ಯುಟೈಲ್ ಎಂಬ ಮೆತ್ತನೆಯ ರಬ್ಬರಿನ ಟೇಪ್ ಹಾಕಿದೆ. ಸಿಲಿಕೋನ್ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು, ನೋಡಲೂ ಅಚ್ಚುಕಟ್ಟು. ನನ್ನ ಟೇಪು ಅಂಟಿನುಂಡೆಯ ಹಾಗೆ ಕೈಗೆ ಮೆತ್ತಿತು, ಮಗಳ ಕೂದಲಿಗೂ ಮೆತ್ತಿತು. ಬಿಸಿಲಿಗೆ ಅಂಚಿನಿಂದ ಉಬ್ಬಿ ಬಂತು. ಎರಡು ದಿನ ಬಿಟ್ಟು ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿ, ಹೊರಬಂದದ್ದನ್ನು ಕತ್ತರಿಸಬೇಕಾಯಿತು. ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಟ್ಟು ನೋಡಿದಾಗ ನಾಲ್ಕೂ ಕಿಟಕಿಗಳು ಪಾಸು. ಅವರು ಮೀಸೆ ತಿರುವಿದರು.

ಚಳಿಗಾಲ ಕಳೆದು ಮತ್ತೆ ನೀರು ಬಿಟ್ಟಾಗ ಸಿಲಿಕೋನಿನ ಒಂದು ಕಿಟಕಿ ಕೆಳಮೂಲೆಯಲ್ಲಿ ಒಸರಿತು. ಚಳಿಗೆ ಕುಗ್ಗಿ ಬಿಸಿಲಿಗೆ ಹಿಗ್ಗುವ ಅಲ್ಯೂಮಿನಿಯಂ ಒಂದು ಕಾರಣವಾದರೆ, ಅಲ್ಲಿ ತಗಡನ್ನು ಸರಿಯಾಗಿ ಉಜ್ಜಿರಲಿಲ್ಲ ಎಂಬುದೂ ನಿಜ. ಆದರೆ ಸೋರಿದ್ದಕ್ಕಿಂತ ದೊಡ್ಡ ಶಿಕ್ಷೆ ಅದನ್ನು ಬಿಚ್ಚುವುದಾಗಿತ್ತು. ಸಿಲಿಕೋನಿನ ಪೊರೆ ಉಳಿದ ಜಾಗಕ್ಕೆ ಬಣ್ಣ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ ಹಿಡಿಯುವುದಿಲ್ಲ. ಒಂದು ಶನಿವಾರವಿಡೀ ಕೆರೆದದ್ದಾಯಿತು. ಬ್ಯುಟೈಲ್ ಹಾಕಿದ ಕಿಟಕಿಯೊಂದನ್ನು ಪರೀಕ್ಷೆಗೆಂದೇ ಬಿಚ್ಚಿದೆ: ಹೀಟ್ ಗನ್ನಿನ ಬಿಸಿ ತಾಗಿಸಿದ ಹತ್ತು ನಿಮಿಷದಲ್ಲಿ ಕೈಗೆ ಬಂತು. ಈಗ ಸಿಲಿಕೋನ್ ಇರುವುದು ಅಡುಗೆ ಸಿಂಕಿನ ಅಂಚಿನಲ್ಲಿ ಮಾತ್ರ. ಅಲ್ಲಿ ಅದು ಚೆನ್ನಾಗಿಯೇ ಇದೆ.

ನೆಲದ ವಿಷಯದಲ್ಲಿ ಸೋತವಳು ನಾನು. ದೋಣಿಗಳಿಗೆ ಬಳಸುವ ಮೆರೀನ್ ಪ್ಲೈವುಡ್ಡೇ ಬೇಕೆಂದು ಹಟ ಹಿಡಿದು ಎರಡು ಪಟ್ಟಿಗೂ ಹೆಚ್ಚು ಹಣ ತೆತ್ತೆ. ಹೊರಾಂಗಣಕ್ಕೆಂದು ಮಾರುವ ಪ್ಲೈವುಡ್ಡಿನಲ್ಲೂ ನೀರಿಗೆ ಬಿಡದ ಅಂಟೇ ಇರುತ್ತದೆ. ಮುಖ್ಯ ವ್ಯತ್ಯಾಸ ನಡುವಿನ ಪದರಗಳಲ್ಲಿ ಟೊಳ್ಳು ಇದೆಯೋ ಇಲ್ಲವೋ ಎಂಬುದು. ಅಂಚುಗಳಿಗೆ ಎಪಾಕ್ಸಿ ಅಂಟು ಕುಡಿಸಿ ಹಾಕಿದ ಅವರ ಹೊರಾಂಗಣ ಪ್ಲೈವುಡ್ಡಿನ ಅರ್ಧವೂ ನನ್ನ ಅರ್ಧವೂ ಇವತ್ತಿಗೂ ಒಂದೇ ಹಾಗಿವೆ. ಹಳೆಯ ನೆಲಹಾಸನ್ನು ಕೀಳುವ ಮೊದಲು ಒಂದು ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿದ್ದೆವು. ಆ ಕಾಲದ ಹಾಸುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಗ್ಯಾಸ್ ಕೊಳವೆಯನ್ನು ನಾವು ಮುಟ್ಟಲೇ ಇಲ್ಲ, ಬಲ್ಲವರನ್ನು ಕರೆಸಿದೆವು.

ನಿಜವಾದ ಪೈಪೋಟಿ ನಡೆದದ್ದು ಒಳಗೋಡೆಗಳ ಮೇಲೆ. ಆ ಕಾಲದ ಅನೇಕ ಟ್ರೇಲರುಗಳ ಬರ್ಚ್ ಗೋಡೆಗೆ ಜೇನುಬಣ್ಣದ ಶೆಲ್ಯಾಕ್ ಹಚ್ಚುತ್ತಿದ್ದರು. ನಾನು ಅದನ್ನೇ ಹಚ್ಚುವುದೆಂದು ಚಕ್ಕೆಗಳನ್ನು ತರಿಸಿದೆ. ಪೊಟ್ಟಣ ಬಿಚ್ಚುತ್ತಿದ್ದಂತೆ ಅತ್ತೆ ಒಂದು ಚಕ್ಕೆ ಎತ್ತಿ ಬೆಳಕಿಗೆ ಹಿಡಿದು, "ಇದು ಅರಗಲ್ಲವೇನಮ್ಮ?" ಎಂದರು. ಅವರ ತವರು ಚನ್ನಪಟ್ಟಣದ ಪಕ್ಕದ ಹಳ್ಳಿ. ತಿರುಗುವ ಹಾಲೆ ಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತುವುದನ್ನೂ, ಉಜ್ಜಿದ ಬಿಸಿಗೆ ಅದು ಕರಗಿ ಹರಡುವುದನ್ನೂ, ತಾಳೆಗರಿಯಿಂದ ಹೊಳಪು ಕೊಡುವುದನ್ನೂ ನೋಡುತ್ತ ಬೆಳೆದವರು. ಮುತ್ತುಗ, ಎಲಚಿಯಂಥ ಮರಗಳ ಮೇಲೆ ಬದುಕುವ ಪುಟ್ಟ ಕೀಟದ ರಾಳ ಓಹಾಯೊದ ನಮ್ಮ ಗ್ಯಾರೇಜಿನಲ್ಲಿ ಅವರ ಕೈಗೆ ಸಿಕ್ಕಿತ್ತು. ಮರುಕ್ಷಣವೇ, "ಅಲ್ಲ, ಅರಗಿನ ಮನೆ ಕಟ್ಟುತ್ತಿದ್ದೀಯಲ್ಲ, ಸುರಂಗ ಎಲ್ಲಿ ತೋಡುತ್ತೀಯ?" ಎಂದರು. ಮಾತಿನಲ್ಲಿ ಹುರುಳಿತ್ತು: ಚಕ್ಕೆ ಕರಗಿಸುವ ಆಲ್ಕೋಹಾಲಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಬಾಗಿಲು ಕಿಟಕಿ ತೆರೆದಿಟ್ಟು, ಒಲೆಯ ಕಡೆ ಯಾರೂ ಸುಳಿಯದಂತೆ ನೋಡಿಕೊಂಡೆವು.

ಹಿಂಬದಿಯ ಗೋಡೆ ಅರಗಿಗೆ, ಮುಂಬದಿಯದು ಯಜಮಾನರ ಪಾಲಿಯೂರಿಥೇನಿಗೆ, ಅಂದರೆ ನೀರಿನಲ್ಲಿ ಕಲಸಿದ ಪ್ಲಾಸ್ಟಿಕ್ ವಾರ್ನಿಷಿಗೆ. ಅರಗು ಅರ್ಧ ಗಂಟೆಯಲ್ಲಿ ಒಣಗಿತು, ಒಂದೇ ದಿನದಲ್ಲಿ ನಾಲ್ಕು ಕೋಟು ಮುಗಿದವು. ಬಣ್ಣ ಉಳಿದಿದ್ದ ಹಳೆಯ ಹಲಗೆಗಳ ಜೊತೆ ಬೆರೆತುಹೋಯಿತು. ಪಾಲಿಯೂರಿಥೇನ್ ಗೋಡೆ ಪೇಲವವಾಗಿ, ಪಕ್ಕದ ಹಲಗೆಯ ನೆಂಟನಲ್ಲ ಎಂಬಂತೆ ನಿಂತಿತು. ಬಣ್ಣ ಹೊಂದಿಸಲು ಅವರು ಉಳಿದಿದ್ದ ನನ್ನ ಅರಗನ್ನು ಒಂದು ಹಲಗೆಗೆ ಹಚ್ಚಿ, ಮೇಲೆ ಪಾಲಿಯೂರಿಥೇನ್ ಬಳಿದರು. ವಾರದೊಳಗೆ ಉಗುರು ತಾಗಿದಲ್ಲೆಲ್ಲ ಸಿಪ್ಪೆಯಂತೆ ಎದ್ದಿತು. ನನ್ನದು ಮೇಣವಿರುವ ಅರಗು. ಮೇಲೆ ಪಾಲಿಯೂರಿಥೇನ್ ಬರುವುದಾದರೆ ಮೇಣ ತೆಗೆದ ಅರಗೇ ಬೇಕು.

ಬಾಳಿಕೆಯಲ್ಲಿ ಅರಗು ಸೋತಿತು, ಒಪ್ಪುತ್ತೇನೆ. ಹಾಸಿಗೆಯ ಪಕ್ಕದ ಅರಗು ಹಚ್ಚಿದ ಸಣ್ಣ ಹಲಗೆಯ ಮೇಲೆ ಬಿಸಿ ಕಾಫಿ ಲೋಟ ಇಟ್ಟದ್ದಕ್ಕೆ ಬಿಳಿ ಉಂಗುರ ಬಿತ್ತು. ಕೈಗೆ ಹಚ್ಚುವ ಸ್ಯಾನಿಟೈಸರ್ ಚೆಲ್ಲಿದ ಕಡೆ ಕರಗಿಯೇ ಹೋಯಿತು. ಪಾಲಿಯೂರಿಥೇನಿನ ಮೇಲೆ ಎರಡನ್ನೂ ಬೇಕೆಂದೇ ಮಾಡಿ ನೋಡಿದೆ, ಏನೂ ಆಗಲಿಲ್ಲ. ಅಡುಗೆಯ ಕಟ್ಟೆ ಯಾವ ವಾದವೂ ಇಲ್ಲದೆ ಅವರ ಪಾಲಾಯಿತು.

ಆದರೆ ಮಗ ಸೈಕಲ್ಲನ್ನು ಒಳಗೆ ತುರುಕಲು ಹೋಗಿ ಹ್ಯಾಂಡಲಿನಿಂದ ಎರಡೂ ಗೋಡೆಗಳನ್ನು ಗೀರಿದ. ಅರಗಿನ ಮೇಲೆ ಹೊಸ ಅರಗು ಸವರಿದರೆ ಹಳೆಯದು ಕರಗಿ ಅದರಲ್ಲೇ ಸೇರಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಗೀರು ಎಲ್ಲಿತ್ತೆಂದು ಮಗಳಿಗೇ ಗುರುತು ಸಿಗಲಿಲ್ಲ. ಮುಂಬದಿಯ ಗೋಡೆಯನ್ನು ಯಜಮಾನರು ಮರಳು ಕಾಗದದಿಂದ ಉಜ್ಜಿ ಎರಡು ಸಲ ಬಳಿದರೂ ಓರೆಯಾಗಿ ನೋಡಿದರೆ ತೇಪೆ ಈಗಲೂ ಕಾಣುತ್ತದೆ. ಮಕ್ಕಳಿರುವ ಗಾಡಿಯ ಗೋಡೆಗೆ ನಾನು ಅರಗನ್ನೇ ಹೇಳುತ್ತೇನೆ.

ಓಹಾಯೊದ ಹಾಕಿಂಗ್ ಹಿಲ್ಸ್ ಬೆಟ್ಟಗಾಡಿನಲ್ಲಿ ಮೊದಲ ಸಲ ತಂಗಿದ ರಾತ್ರಿ ಮಳೆ ಬಿಡದೆ ಸುರಿಯಿತು. ಎಲ್ಲರೂ ಟಾರ್ಚ್ ಹಿಡಿದು ಕಿಟಕಿಗಳ ಕೆಳಗೆ ಕೈ ಸವರುತ್ತ ಕುಳಿತಿದ್ದೆವು; ಅತ್ತೆ ಮಾತ್ರ ಚೆನ್ನಾಗಿ ನಿದ್ದೆ ಮಾಡಿದರು. ಬಾಗಿಲಿನ ಒಳಬದಿಗೆ ಇನ್ನೂ ಏನನ್ನೂ ಹಚ್ಚಿಲ್ಲ. ಅರಗಿನ ಬಾಟಲಿಯನ್ನು ಗ್ಯಾರೇಜಿನ ಕಟ್ಟೆಯ ಮೇಲೆ ಸಿದ್ಧವಾಗಿ ಇಟ್ಟಿದ್ದೇನೆ. ನಿನ್ನೆ ನೋಡಿದರೆ ಅದರ ಪಕ್ಕದಲ್ಲೇ ಪಾಲಿಯೂರಿಥೇನಿನ ಹೊಸ ಡಬ್ಬಿಯೂ ಬಂದು ಕುಳಿತಿದೆ.