ಹಳೆಯ ಕೈಗರಗಸ: ಡಿಸ್ಟನ್, ಶೆಫೀಲ್ಡ್, ಹೆಸರಿಲ್ಲದ್ದು

ಸೆಕೆಂಡ್‌ಹ್ಯಾಂಡ್ ಗರಗಸಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಡಿಸ್ಟನ್ ಕಂಪನಿಯ ಡಿ-8 ಮಾದರಿ, ಇಂಗ್ಲೆಂಡಿನ ಶೆಫೀಲ್ಡಿನ ಸ್ಪಿಯರ್ ಅಂಡ್ ಜಾಕ್ಸನ್ ಕಂಪನಿಯದು, 'ವಾರಂಟೆಡ್ ಸುಪೀರಿಯರ್' ಎಂದಷ್ಟೇ ಕೆತ್ತಿದ ಗರಗಸ, ಈ ಮೂರರಲ್ಲಿ ಯಾವುದನ್ನು ಕೊಳ್ಳಬೇಕು ಎಂದು ಕೇಳಿದ್ದೀರಿ.

ಗುರುತು ಹಚ್ಚುವುದು ಡಿಸ್ಟನ್‌ನಲ್ಲಿ ಸುಲಭ. 1874ರಲ್ಲಿ ಬಂದ ಡಿ-8ರ ಬೆನ್ನು ಒಳಕ್ಕೆ ಬಾಗಿರುತ್ತದೆ. ಹಿಡಿಯ ಹಿತ್ತಾಳೆ ಬಿಲ್ಲೆಯ ಬರಹ ಕಾಲದಿಂದ ಕಾಲಕ್ಕೆ ಬದಲಾದದ್ದರಿಂದ ವಯಸ್ಸನ್ನೂ ಅಂದಾಜಿಸಬಹುದು. ಶೆಫೀಲ್ಡಿನದಕ್ಕೆ ಅಲಗಿನ ಮೇಲಿನ ಮುದ್ರೆಯೇ ಆಧಾರ, ಅದು ಹೆಚ್ಚಾಗಿ ತುಕ್ಕಿನಡಿ ಮಾಸಿರುತ್ತದೆ. 'ವಾರಂಟೆಡ್ ಸುಪೀರಿಯರ್' ತಯಾರಕರ ಹೆಸರೇ ಅಲ್ಲ. ಹಲವರು ಬಳಸಿದ ಸಾಮಾನ್ಯ ಬಿಲ್ಲೆ.

ಸ್ಥಿತಿಯ ವಿಷಯದಲ್ಲಿ ಹೆಸರಿಗಿಂತ ಅಲಗು ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ಹಿಡಿಯನ್ನು ಕಣ್ಣಿನ ಹತ್ತಿರ ಹಿಡಿದು ಹಲ್ಲುಗಳ ಸಾಲಿನುದ್ದಕ್ಕೂ ನೋಡಿ: ಒಂದೇ ಕಡೆಗೆ ನಸುವಾಗಿ ಬಾಗಿದ್ದರೆ ನೇರಗೊಳಿಸಬಹುದು, ಮಡಿಕೆ ಬಿದ್ದಿದ್ದರೆ ಬಿಟ್ಟುಬಿಡಿ. ಮೇಲ್ಮೈಯ ಕಂದು ತುಕ್ಕು ಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ. ಹಲ್ಲಿನ ಬುಡದಲ್ಲಿ ಉಗುರಿಗೆ ಸಿಗುವಷ್ಟು ಕುಳಿ ಇದ್ದರೆ, ಹರಿತಗೊಳಿಸಲು ಅರ ಹಾಕಿದಾಗ ಮೊನೆಯೇ ಮುರಿಯುತ್ತದೆ. ಹಿಡಿ ಸೀಳಿದ್ದರೆ ಅಂಟಿಸಬಹುದು, ಕಳೆದುಹೋದ ತಿರುಪಿಗೆ ಬದಲಿ ಸಾಮಾನ್ಯವಾಗಿ ಸಿಗುವುದೇ ಕಷ್ಟ.

ಅರ ಹಾಕುವುದನ್ನು ಈಗಷ್ಟೇ ಕಲಿಯುವವರಿಗೆ, ಕೆಟ್ಟರೂ ನಷ್ಟ ಕಡಿಮೆಯಾದ್ದರಿಂದ, ಅಗ್ಗದ ಹೆಸರಿಲ್ಲದ ಗರಗಸವೇ ಸೂಕ್ತ. ಬಿಡಿಭಾಗ, ಕಾಲನಿರ್ಣಯ ಎರಡೂ ಬೇಕೆನ್ನುವವರಿಗೆ ಡಿ-8 ಒಪ್ಪುತ್ತದೆ. ಇಂಗ್ಲೆಂಡಿನಲ್ಲಿದ್ದು ದಿನವೂ ಮರಗೆಲಸ ಮಾಡುವವರು, ಅಲ್ಲಿ ಹೇರಳವಾಗಿ ಸಿಗುವ ಶೆಫೀಲ್ಡಿನ ಗರಗಸವನ್ನೇ ನೋಡಲಿ; ಮರದ ಎಳೆಯುದ್ದಕ್ಕೆ ಸೀಳಲು ಇಂಚಿಗೆ 5–6 ಮೊನೆ, ಅಡ್ಡ ಕೊಯ್ಯಲು 8–10 ಮೊನೆ ಇರುವುದನ್ನು ಆರಿಸಲಿ.