ಸೈಕಲ್ಲಿನ ದೂರದ ಸುತ್ತಿಗೆ ದಾರಿ ಹಾಕುವ ಮೂರು ವಿಧಾನಗಳು: ಒಂದು ಹೋಲಿಕೆ

ಹಳ್ಳಿಗಾಡಿನ ರಸ್ತೆಗಳಲ್ಲಿ ಹೊರಟಲ್ಲಿಗೇ ಮರಳುವ, ಏರುಗಳಿಂದ ತುಂಬಿದ 200 ಕಿಲೋಮೀಟರಿನ ಸುತ್ತನ್ನು ಯೋಜಿಸಲು ನಾನು ಮೂರು ವಿಧಾನಗಳನ್ನು ಬಳಸಿ ನೋಡಿದ್ದೇನೆ. ದೂರ ಮತ್ತು ಆರಂಭದ ಸ್ಥಳ ಕೊಟ್ಟರೆ ತಾನೇ ದಾರಿ ಹಾಕಿಕೊಡುವ ಆ್ಯಪ್ ಮೊದಲನೆಯದು. ಸವಾರರು ಹೆಚ್ಚಾಗಿ ಓಡಾಡುವ ರಸ್ತೆಗಳನ್ನು ಗಾಢ ಬಣ್ಣದಲ್ಲಿ ತೋರಿಸುವ ಹೀಟ್‌ಮ್ಯಾಪ್ ಎರಡನೆಯದು. ಕಾಂಟೂರ್ ಗೆರೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿ ತೋರಿಸುವ, ನಕ್ಷೆಯ ಮೇಲೆ ತುಣುಕು ತುಣುಕಾಗಿ ಕೈಯಾರೆ ದಾರಿ ಗುರುತಿಸುವುದು ಮೂರನೆಯದು. ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ, ಅದನ್ನು ಮುಂದುವರಿಸುವುದಿಲ್ಲ. ಒಂದೆರಡು ಸಂಜೆಗಳನ್ನೇ ನುಂಗುವ ಮೂರನೆಯ ವಿಧಾನವೇ ನನಗೆ ಒಗ್ಗಿದೆ, ಅದಕ್ಕೆ ಮುಖ್ಯ ಕಾರಣ ಏರಿನ ಲೆಕ್ಕ.

ಆ್ಯಪ್ ನನ್ನ ಸುತ್ತಿನ ಒಟ್ಟು ಏರನ್ನು 2,300 ಮೀಟರ್ ಎಂದು ತೋರಿಸಿತು. ಅದೇ ಕಡತವನ್ನು ಬೇರೊಂದು ತಾಣಕ್ಕೆ ಹಾಕಿದಾಗ 1,850 ಎಂದು ಬಂತು. ಸವಾರಿ ಮುಗಿದ ಮೇಲೆ ಹ್ಯಾಂಡಲ್‌ಬಾರಿನ ಸಾಧನ, ಗಾಳಿಯ ಒತ್ತಡದಿಂದ ಎತ್ತರ ಅಳೆದು, ಇವೆರಡರ ನಡುವಿನ ಮೂರನೆಯ ಅಂಕಿಯನ್ನು ಹೇಳಿತು. ಈ ವ್ಯತ್ಯಾಸ ಆಕಸ್ಮಿಕವಲ್ಲ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ಎಂಬ ಭೂಮಿಯ ಎತ್ತರಗಳ ದತ್ತಾಂಶವನ್ನು ಇಂಥ ಲೆಕ್ಕಗಳಿಗೆ ವ್ಯಾಪಕವಾಗಿ ಬಳಸುತ್ತಾರೆ, ಮತ್ತು ಅದರಲ್ಲಿ ಎತ್ತರದ ಬಿಂದುಗಳು ಹೆಚ್ಚೆಂದರೆ ಸುಮಾರು 30 ಮೀಟರಿಗೆ ಒಂದರಂತೆ ಇವೆ. ಬೆಟ್ಟದ ಮಗ್ಗುಲನ್ನು ಕಡಿದು ಮಾಡಿದ ರಸ್ತೆ ನಿಜದಲ್ಲಿ ಸಮತಟ್ಟಾಗಿದ್ದರೂ, ನಕ್ಷೆಯಲ್ಲಿ ಅದರ ಗೆರೆ ಹತ್ತಿಪ್ಪತ್ತು ಮೀಟರ್ ಆಚೀಚೆ ಸರಿದಿದ್ದರೆ, ಲೆಕ್ಕ ಹಾಕುವ ತಂತ್ರಾಂಶವು ಮೇಲಿನ ಇಳಿಜಾರಿನ ಎತ್ತರವನ್ನೊಮ್ಮೆ, ಕೆಳಗಿನ ಕಣಿವೆಯ ಎತ್ತರವನ್ನೊಮ್ಮೆ ಎತ್ತಿಕೊಂಡು ಇಲ್ಲದ ಏರುಗಳನ್ನು ಕೂಡಿಸುತ್ತಾ ಹೋಗುತ್ತದೆ. ದಟ್ಟ ಕಾಡಿನಲ್ಲಿ ರೇಡಾರ್ ನೆಲವನ್ನಲ್ಲ, ಮರಗಳ ನೆತ್ತಿಯ ಹತ್ತಿರದ ಎತ್ತರವನ್ನು ಓದಿರುತ್ತದೆ. ಇಂಥ ಏರುಪೇರುಗಳನ್ನು ಒಂದೊಂದು ತಾಣವೂ ತನ್ನದೇ ಸೂತ್ರದಿಂದ ಸವರಿ ನಯ ಮಾಡುವುದರಿಂದ ಒಟ್ಟು ಮೊತ್ತ ತಾಣಕ್ಕೊಂದಾಗುತ್ತದೆ.

ಮೊತ್ತ ಸರಿಯಾಗಿಯೇ ಇದ್ದರೂ ನನಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನನ್ನ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ ಮುಂದೆ 34, ಹಿಂದೆ 34 ಹಲ್ಲುಗಳಿವೆ, ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 2.1 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಏಳೂವರೆ ಕಿಲೋಮೀಟರ್. ಸವಾರ, ಸೈಕಲ್, ಚೀಲ ಸೇರಿ 85 ಕಿಲೋ ಎಂದಿಟ್ಟುಕೊಂಡರೆ, ಈ ವೇಗದಲ್ಲಿ ಶೇ. 5ರ ಏರನ್ನು ಹತ್ತಲು ಗುರುತ್ವಕ್ಕೇ ಸುಮಾರು 90 ವ್ಯಾಟ್ ಬೇಕು, ಶೇ. 12ರ ಏರಿಗೆ 210 ವ್ಯಾಟ್ ಬೇಕು. ಮೊದಲನೆಯದನ್ನು ನಾನು ದಿನವಿಡೀ ತುಳಿಯಬಲ್ಲೆ. ಎರಡನೆಯದು ಬೆಳಿಗ್ಗೆ ಬಂದರೆ ಸಹಿಸಬಹುದು, 160ನೇ ಕಿಲೋಮೀಟರಿನಲ್ಲಿ ಬಂದರೆ ಇಳಿದು ತಳ್ಳುವುದೇ ಗತಿ. ಆದ್ದರಿಂದ ನಾನು ತಿಳಿಯಬೇಕಾದದ್ದು ಯಾವ ಏರು ಎಷ್ಟು ಕಡಿದಾಗಿದೆ, ಸುತ್ತಿನ ಯಾವ ಭಾಗದಲ್ಲಿ ಎದುರಾಗುತ್ತದೆ ಎಂಬುದನ್ನು.

ಕಾಂಟೂರ್ ನಕ್ಷೆ ಇದನ್ನು ನೇರವಾಗಿ ಹೇಳುತ್ತದೆ. ಗೆರೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಇರುವ ನಕ್ಷೆಯಲ್ಲಿ 1.2 ಕಿಲೋಮೀಟರ್ ರಸ್ತೆ ಅಂಥ ಐದು ಅಂತರಗಳನ್ನು ದಾಟಿದರೆ ಏರು 100 ಮೀಟರ್, ಸರಾಸರಿ ಕಡಿದು ಶೇ. 8ಕ್ಕಿಂತ ತುಸು ಹೆಚ್ಚು. ಬೆರಳಿಟ್ಟು ಎಣಿಸುವ ಕೆಲಸವಿದು, ಬೇಸರವೂ ಹೌದು. ಆದರೆ ಹೀಗೆ ಎಣಿಸಿದ ಏರು ರಸ್ತೆಯಲ್ಲಿ ಎದುರಾದಾಗ ಯಾವ ಗೇರಿನಲ್ಲಿ ಶುರುಮಾಡಬೇಕೆಂದು ಮೊದಲೇ ಗೊತ್ತಿರುತ್ತದೆ. ಸುತ್ತನ್ನು ಎಡಗಡೆಯಿಂದ ಹಿಡಿಯಬೇಕೋ ಬಲಗಡೆಯಿಂದಲೋ ಎಂಬುದೂ ಇದರಿಂದಲೇ ತೀರ್ಮಾನವಾಗುತ್ತದೆ: ಕಡಿದಾದ ಮಗ್ಗುಲು ಮೊದಲ ಅರ್ಧದಲ್ಲಿ, ಉದ್ದನೆಯ ಸೌಮ್ಯ ಏರು ನಂತರ.

ಹೀಟ್‌ಮ್ಯಾಪ್ ಬಗ್ಗೆ ಹೇಳಲು ಹೆಚ್ಚಿಲ್ಲ. ಊರುಗಳ ಸುತ್ತ ಅದು ಚೆನ್ನಾಗಿದೆ. ಜನವಿರಳ ಪ್ರದೇಶದಲ್ಲಿ ಬಣ್ಣವೇ ಇರುವುದಿಲ್ಲ, ನನಗೆ ನಕ್ಷೆ ಬೇಕಾಗುವುದೋ ಅಲ್ಲಿಯೇ.

ರಸ್ತೆಯ ಮೇಲ್ಮೈ ವಿಚಾರದಲ್ಲಿ ಮೂರೂ ವಿಧಾನಗಳು ಕೈಕೊಡಬಲ್ಲವು. ಇಂಥ ಅನೇಕ ಆ್ಯಪ್‌ಗಳಿಗೆ ಆಧಾರವಾಗಿರುವ, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಡಾಂಬರೋ ಮಣ್ಣೋ ಎಂದು ದಾಖಲಿಸುವ ವ್ಯವಸ್ಥೆಯಿದೆ. ಆದರೆ ಹಳ್ಳಿಗಾಡಿನ ಎಷ್ಟೋ ರಸ್ತೆಗಳಿಗೆ ಯಾರೂ ಅದನ್ನು ತುಂಬಿಲ್ಲ. ಮಾಹಿತಿ ಇಲ್ಲದ ದಾರಿಯನ್ನು ಆ್ಯಪ್ ಸದ್ದಿಲ್ಲದೆ ಒಳ್ಳೆಯ ರಸ್ತೆಯೆಂದೇ ಎಣಿಸಿ ಸುತ್ತಿಗೆ ಸೇರಿಸಿತ್ತು. ಕೈಯಾರೆ ಮಾಡುವಾಗ ಅನುಮಾನ ಬಂದ ತುಣುಕನ್ನು ಉಪಗ್ರಹ ಚಿತ್ರದಲ್ಲಿ ದೊಡ್ಡದು ಮಾಡಿ ನೋಡುತ್ತೇನೆ, ಸ್ಪಷ್ಟವಾಗದಿದ್ದರೆ ಬಿಟ್ಟು ಬಳಸಿಕೊಂಡು ಹೋಗುತ್ತೇನೆ.

ಸಮಯದ ಅಂದಾಜಿಗೆ ಆ್ಯಪ್ ಕೊಡುವ ಅಂಕಿಯ ಬದಲು ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳ ನಿಯಮವನ್ನೇ ಇಟ್ಟುಕೊಂಡಿದ್ದೇನೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, ನಿಲುಗಡೆಗಳೂ ಸೇರಿ. ನೀರು ಸಿಗುವ ಜಾಗಗಳನ್ನೂ, ಅರ್ಧಕ್ಕೇ ಹಿಂದಿರುಗಬೇಕಾದರೆ ಹಿಡಿಯಬಹುದಾದ ಅಡ್ಡದಾರಿಗಳನ್ನೂ ಈ ಗಡುವಿಗೆ ಹೊಂದಿಸಿ ಗುರುತಿಸುತ್ತೇನೆ.

ನಾನು ಒಬ್ಬನೇ ಹೋಗುವವನು, ಟೈರು 28 ಮಿಲಿಮೀಟರಿನವು, ಏರಿನಲ್ಲಿ ನಿಧಾನ. ಸಂಜೆಗಳು ಬಿಡುವಾಗಿವೆ, ಚಂದಾಕ್ಕೆ ಕೊಡುವ ಹಣದಲ್ಲಿ ಟೈರನ್ನೇ ಬದಲಿಸಬಹುದು. ಇಂಥವನಿಗೆ ಕಾಂಟೂರ್ ನಕ್ಷೆಯೇ ಸರಿ. ಅಗಲ ಟೈರಿನ ಸೈಕಲ್ಲಿದ್ದು, ನಾಳೆಯೇ ಹೊರಡಬೇಕೆನ್ನುವವರು ಆ್ಯಪ್ ಬಳಸಿದರೆ ನನ್ನ ತಕರಾರಿಲ್ಲ. ಯಾವ ವಿಧಾನವಾದರೂ ದಾರಿಯನ್ನು ಸಾಧನಕ್ಕೆ ಹಾಕುವಾಗ ಹೋಗುವ ಅರ್ಧ, ಬರುವ ಅರ್ಧ ಎಂದು ಎರಡು ಕಡತ ಮಾಡುವುದು ಒಳ್ಳೆಯದು. ಆರಂಭ ಮತ್ತು ಅಂತ್ಯ ಒಂದೇ ರಸ್ತೆಯಲ್ಲಿದ್ದರೆ ಕೆಲವು ಸಾಧನಗಳು ಹೊರಟ ಕೂಡಲೇ ಸವಾರಿ ಮುಗಿಯಿತೆಂದು ಘೋಷಿಸಿಬಿಡುತ್ತವೆ.