ಗೋಪ್ಯ ಕಡತವನ್ನು ವರದಿಗಾರನ ಕೈಗೆ ಕೊಡುವ ಮುನ್ನ ಇದನ್ನು ಓದಿ

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ನಾನು ಏಳು ತಿಂಗಳಿಂದ ಅಮಾನತಿನಲ್ಲಿದ್ದೇನೆ. ಕಚೇರಿಯ ಹೆಸರನ್ನಾಗಲಿ, ನನ್ನನ್ನು ನಂಬಿಸಿದ ವರದಿಗಾರನ ಹೆಸರನ್ನಾಗಲಿ ಬರೆಯುವುದಿಲ್ಲ, ಏಕೆಂದರೆ ಇಲಾಖಾ ವಿಚಾರಣೆ ಇನ್ನೂ ಮುಗಿದಿಲ್ಲ. ಆದರೆ ಮೇಜಿಗೆ ಬಂದ ಕಡತವೊಂದನ್ನು ಓದಿ ನಿದ್ದೆಗೆಟ್ಟಿರುವವರು, ‘ಇದು ಹೊರಗೆ ಬರಲೇಬೇಕು’ ಎಂದು ಒಳಗೊಳಗೇ ಕುದಿಯುತ್ತಿರುವವರು ಬೇರೆ ಕಚೇರಿಗಳಲ್ಲೂ ಇದ್ದೇ ಇರುತ್ತಾರೆ. ಅವರಿಗಾಗಿ, ನಾಚಿಕೆಯನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ಸಿಬ್ಬಂದಿಗೆಂದು ಖರೀದಿಸಿದ ಬೆಂಕಿ ನಿರೋಧಕ ಉಡುಪು ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣವಾಗಿತ್ತು, ಆದರೂ ಬಿಲ್ಲು ಪಾವತಿಗೆ ಶಿಫಾರಸು ಆಗಿತ್ತು. ಕಡತದಲ್ಲಿದ್ದುದು ಇಷ್ಟೇ, ಮೇಲೆ ‘ಕಾನ್ಫಿಡೆನ್ಶಿಯಲ್’ ಎಂಬ ಕೆಂಪು ಮೊಹರು. ಆ ಉಡುಪು ತೊಟ್ಟು ಬೆಂಕಿಯೆದುರು ನಿಲ್ಲಬೇಕಾದ ಹುಡುಗರನ್ನು ನಾನು ದಿನವೂ ಕ್ಯಾಂಟೀನಿನಲ್ಲಿ ನೋಡುತ್ತಿದ್ದೆ. ಮೇಲಧಿಕಾರಿಗೆ ಬಾಯಿಮಾತಿನಲ್ಲಿ ಹೇಳಿದಾಗ, “ಕಡತ ಡೈರಿ ಮಾಡುವುದಷ್ಟೇ ನಿಮ್ಮ ಕೆಲಸ, ಅದನ್ನು ಮಾಡಿ” ಎಂಬ ಉತ್ತರ ಬಂತು. ಲಿಖಿತವಾಗಿ ಏನನ್ನೂ ಕೊಡದೆ ಅಲ್ಲಿಗೇ ಬಿಟ್ಟದ್ದು ನನ್ನ ಮೊದಲ ತಪ್ಪು.

ಆ ವರದಿಗಾರ ಸ್ನೇಹಿತರೊಬ್ಬರ ಮೂಲಕ ಪರಿಚಯವಾದ. ಬಾಯಿಮಾತು ಸಾಲದು, ಕಾಗದ ಬೇಕು ಎಂದ. ನಾನು ಹಿಂಜರಿದಾಗ ಅವನು ಆಡಿದ ಮಾತುಗಳು ಇಂದಿಗೂ ಕಿವಿಯಲ್ಲಿವೆ: “ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಸರ್, ಸಾರ್ವಜನಿಕ ಹಿತವಿದ್ದರೆ ರಹಸ್ಯ ಕಾಯ್ದೆ ನಿಲ್ಲುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 8(2) ನೋಡಿ. ಅಕ್ರಮ ಬಯಲಿಗೆಳೆಯುವವರನ್ನು ಕಾಪಾಡುವ ವಿಸಲ್‌ಬ್ಲೋಯರ್ ಕಾಯ್ದೆಯೂ ಇದೆ. ನಿಮಗೆ ಏನೂ ಆಗುವುದಿಲ್ಲ.” ಕಲಮಿನ ಸಂಖ್ಯೆ ಸಮೇತ ಹೇಳುವವನು ಸುಳ್ಳು ಹೇಳಲಾರ ಎಂದು ನಾನು ನಂಬಿದೆ.

ಅವನು ಹೇಳಿದ ಒಂದೊಂದೂ ಅರ್ಧ ಸತ್ಯ. 2019ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಹೇಳಿದ್ದು, ಆಗಲೇ ಪತ್ರಿಕೆಯಲ್ಲಿ ಪ್ರಕಟವಾಗಿದ್ದ ದಾಖಲೆಗಳನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು. ಅವುಗಳನ್ನು ಹೊರಗೆ ಸಾಗಿಸಿದ ನೌಕರನಿಗೆ ಆ ಆದೇಶ ರಕ್ಷಣೆ ಕೊಡಲಿಲ್ಲ. 8(2)ನೇ ಕಲಮು, ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ಮಾಹಿತಿ ಕೊಡುವ ಅಧಿಕಾರವನ್ನು ಪ್ರಾಧಿಕಾರಕ್ಕೆ ಕೊಟ್ಟಿದೆಯೇ ಹೊರತು, ಕಡತವನ್ನು ಮನೆಗೊಯ್ಯುವ ಅನುಮತಿಯನ್ನು ನನ್ನಂಥವರಿಗೆ ಕೊಟ್ಟಿಲ್ಲ. ಇನ್ನು 2014ರ ವಿಸಲ್‌ಬ್ಲೋಯರ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದರೂ ಅದು ಜಾರಿಗೇ ಬಂದಿಲ್ಲ. ಜಾರಿಯಲ್ಲಿರುವುದು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಅದರ 5ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಈ ಕಲಮು ಕಾಗದ ಕೊಟ್ಟವನಿಗೂ ಅನ್ವಯಿಸುತ್ತದೆ, ತಿಳಿದೂ ಪಡೆದವನಿಗೂ ಅನ್ವಯಿಸುತ್ತದೆ. ಇದೆಲ್ಲ ನನಗೆ ತಿಳಿದದ್ದು ಅಮಾನತಾದ ಮೇಲೆ.

ಆರು ಪುಟಗಳನ್ನೂ ಊಟದ ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದೆ. ಚಿತ್ರಗಳನ್ನು ಯಾರಿಗೂ ತೋರಿಸುವುದಿಲ್ಲ, ಓದಿ ಅಳಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ.

ಹನ್ನೊಂದನೆಯ ದಿನ ಅಧಿಕಾರಿಗಳ ಕೋಣೆಗೆ ಕರೆ ಬಂತು. ಮೇಜಿನ ಮೇಲೆ ನಾನೇ ತೆಗೆದ ಚಿತ್ರದ ಬಣ್ಣದ ಪ್ರಿಂಟು ಇತ್ತು. ಮೂಲೆಯಲ್ಲಿ ‘ಪ್ರತಿ ಸಂಖ್ಯೆ 3’ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ಇದ್ದದ್ದೇ ಐದು ಪ್ರತಿ, ಮೂರನೆಯದು ನಮ್ಮ ವಿಭಾಗದ್ದು. ಎರಡನೇ ಕಂಡಿಕೆಯ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ಹಾಕಿದ್ದ ಟಿಕ್ ಗುರುತಿತ್ತು. ಕಾಗದದ ಅಂಚಿನಾಚೆ ನಮ್ಮ ಮನೆಯ ಮೇಜಿನ ಹಳದಿ ಹೂಗಳ ಪ್ಲಾಸ್ಟಿಕ್ ಹಾಸು ಎರಡು ಬೆರಳಗಲ ಇಣುಕುತ್ತಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಈ ಟಿಕ್ ಯಾರದ್ದು?” ನನ್ನ ಬಾಯಿ ಒಣಗಿತು. ನನ್ನ ಕಣ್ಣು ಟಿಕ್‌ನ ಮೇಲಿರಲಿಲ್ಲ, ಆ ಹಾಸಿನ ಮೇಲಿತ್ತು.

ಮಾತು ಕೊಟ್ಟವನು, ಅಳಿಸುತ್ತೇನೆ ಎಂದವನು, ಪ್ರತಿಕ್ರಿಯೆ ಕೇಳುವ ನೆಪದಲ್ಲಿ ಆ ಚಿತ್ರಗಳನ್ನು ಹಾಗೆ ಹಾಗೆಯೇ ನಮ್ಮ ಇಲಾಖೆಗೇ ಕಳಿಸಿದ್ದ! ಅಂದು ಸಂಜೆ ಬಸ್ ನಿಲ್ದಾಣದಲ್ಲಿ ನಿಂತು ಫೋನ್ ಮಾಡಿದೆ.

“ದೃಢೀಕರಣ ಕೇಳಲೇಬೇಕು ಸರ್, ಅದು ನಮ್ಮ ಪದ್ಧತಿ.”

“ಚಿತ್ರವನ್ನೇ ಏಕೆ ಕಳಿಸಿದಿರಿ?”

“ನಿಮ್ಮ ಹೆಸರನ್ನು ನಾನು ಎಲ್ಲೂ ಹೇಳಿಲ್ಲವಲ್ಲ.”

ಹೆಸರು ಹೇಳಿಲ್ಲವಂತೆ! ಮರುದಿನ ಇನ್ನೊಂದು ಉತ್ತರ ಬಂತು: “ನೀವಾಗಿಯೇ ಕೊಟ್ಟದ್ದು, ನಾವು ಒತ್ತಾಯಿಸಿಲ್ಲ. ಕಾನೂನು ವಿಭಾಗದವರು ನಿಮ್ಮೊಂದಿಗೆ ಮಾತಾಡಬೇಡಿ ಎಂದಿದ್ದಾರೆ.” ಸುದ್ದಿ ಕೊನೆಗೆ ಒಳಪುಟದಲ್ಲಿ ನಾಲ್ಕು ಸಾಲು ಬಂತು, ಗುತ್ತಿಗೆದಾರನ ಹೆಸರೂ ಇಲ್ಲದೆ.

ಅಮೆರಿಕದಲ್ಲಿ 2017ರಲ್ಲಿ ರಿಯಾಲಿಟಿ ವಿನ್ನರ್ ಎಂಬ ಹೆಣ್ಣುಮಗಳಿಗೂ ಇದೇ ಆಯಿತು ಎಂದು ಆಮೇಲೆ ಓದಿದೆ. ರಾಷ್ಟ್ರೀಯ ಭದ್ರತಾ ಸಂಸ್ಥೆಯ ವರದಿಯನ್ನು ಆಕೆ ಸುದ್ದಿ ತಾಣವೊಂದಕ್ಕೆ ಅಂಚೆಯಲ್ಲಿ ಕಳಿಸಿದ್ದಳು. ತಾಣದವರು ದೃಢೀಕರಣಕ್ಕೆಂದು ಸರ್ಕಾರಕ್ಕೆ ತೋರಿಸಿದ ಪ್ರತಿಯಲ್ಲಿ ಮಡಿಕೆಯ ಗುರುತು ಇತ್ತು. ಅದರಿಂದ ಅದು ಪ್ರಿಂಟು ತೆಗೆದದ್ದೆಂದು ತಿಳಿಯಿತು. ಪ್ರಿಂಟು ತೆಗೆದವರು ಆರೇ ಮಂದಿ. ಆಕೆಗೆ 63 ತಿಂಗಳ ಶಿಕ್ಷೆಯಾಯಿತು.

ಎಲ್ಲ ತಪ್ಪನ್ನೂ ಅವನ ಮೇಲೆ ಹೊರಿಸಲಾರೆ. ನಾಲ್ಕನೇ ಪುಟದಲ್ಲಿ ಗೋದಾಮುಗಳ ಸ್ಥಳ ಮತ್ತು ದಾಸ್ತಾನಿನ ವಿವರಗಳಿದ್ದವು. ಉಡುಪಿನ ಅಕ್ರಮಕ್ಕೂ ಅದಕ್ಕೂ ಸಂಬಂಧವಿರಲಿಲ್ಲ, ಅದು ಹೊರಗೆ ಹೋಗಬಾರದಿತ್ತು. ಸಿಟ್ಟಿನಲ್ಲಿ ಅದನ್ನೂ ಸೇರಿಸಿ ಕಳಿಸಿದೆ. ವಿಚಾರಣಾಧಿಕಾರಿ ಆ ಪುಟವನ್ನು ಎತ್ತಿ ಹಿಡಿದು “ಇದರಲ್ಲಿ ಯಾವ ಸಾರ್ವಜನಿಕ ಹಿತವಿತ್ತು?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗರ ಪ್ರಾಣದ ವಿಷಯದಲ್ಲಿ ಸುಮ್ಮನಿರಬಾರದಿತ್ತು ಎಂಬ ಮಾತಿಗೆ ಇಂದಿಗೂ ಬದ್ಧನಾಗಿದ್ದೇನೆ. ನಾಲ್ಕನೇ ಪುಟದ ವಿಷಯದಲ್ಲಿ ತಪ್ಪೊಪ್ಪಿಕೊಂಡಿದ್ದೇನೆ.

ಕೇಂದ್ರ ಸರ್ಕಾರಿ ನೌಕರರಿಗೆ 2004ರ ನಿರ್ಣಯದ ಪ್ರಕಾರ ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೂರು ಕೊಡುವ ದಾರಿ ಇದೆ. ಹೆಸರು ಬರೆಯಬೇಕು, ಆದರೆ ಅದನ್ನು ಗುಟ್ಟಾಗಿಡುವುದು ಆಯೋಗದ ಹೊಣೆ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆಯವರು, ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರೂ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸಾಗಿ, 2003ರ ನವೆಂಬರಿನಲ್ಲಿ ಗಯಾದಲ್ಲಿ ಕೊಲೆಯಾದ ನಂತರ ಹುಟ್ಟಿದ ವ್ಯವಸ್ಥೆ ಇದು. ಪೂರ್ಣ ಭರವಸೆ ನನಗೂ ಇಲ್ಲ. ಆದರೂ ಮೊದಲು ಅಲ್ಲಿಗೆ ಹೋಗಿ, ಅದಕ್ಕೂ ಮುನ್ನ ಸೇವಾ ವಿಷಯ ಬಲ್ಲ ವಕೀಲರನ್ನು ಕಾಣಿ. ಕಾನೂನನ್ನು ವರದಿಗಾರನ ಬಾಯಿಂದ ಕಲಿಯಬೇಡಿ.

ಈಗ ಜೀವನಾಧಾರ ಭತ್ಯೆಯಲ್ಲಿ ಮನೆ ನಡೆಯುತ್ತಿದೆ. ಆ ಪ್ಲಾಸ್ಟಿಕ್ ಹಾಸನ್ನು ಹೆಂಡತಿ ತೆಗೆದು ಅಟ್ಟಕ್ಕೆ ಹಾಕಿದ್ದಾಳೆ. ಮೊನ್ನೆ ಅವನಿಂದ ಸಂದೇಶ ಬಂತು: “ಸರ್, ವಿಚಾರಣಾ ವರದಿ ಕೈಸೇರಿದರೆ ಒಂದು ಪ್ರತಿ ಕಳಿಸುವಿರಾ? ದೊಡ್ಡ ಸುದ್ದಿ ಮಾಡಬಹುದು.” ಉತ್ತರಿಸದೆ ಅವನ ನಂಬರನ್ನು ಬ್ಲಾಕ್ ಮಾಡಿದೆ.